ಬೆಚ್ಚಗೆ ಮಾಡಿದ ಕಾಳು

ಬಾಗಿಲು ತೆರೆದು ದೆವ್ವವನ್ನು ಒಳಗೆ ಕರೆಯುವ ಹೆಂಗಸಿನ ಪಕ್ಕದ ಮನೆಯಲ್ಲಿ ನಾನು ಬಹಳ ವರ್ಷಗಳಿಂದ ಇದ್ದೇನೆ. ನಮಗೇನೂ ಆಗಿಲ್ಲ. ನಮ್ಮ ಮನೆಯಲ್ಲಿ ಹಾಲು ಉಕ್ಕಿ ಹರಿದದ್ದು ನಾನು ಫೋನ್ ಹಿಡಿದು ನಿಂತಾಗ. ಬೇಸ್‌ಮೆಂಟಿಗೆ ನೀರು ನುಗ್ಗಿದ್ದು ಪಂಪ್ ಕೆಟ್ಟಾಗ. ಯಾವುದಕ್ಕೂ ಆಕೆಯ ದೇವರು ಕಾರಣನಲ್ಲ. ಮನ್ರೋ ಊರಿನ ನಮ್ಮ ಕನ್ನಡಿಗರ ಬಳಗದಲ್ಲಿ ಈಗಲೂ ಯಾರಾದರೂ ತಟ್ಟೆ ಹಿಡಿದು ಪಕ್ಕಕ್ಕೆ ಬಂದು, "ಆ ಮನೆಗೆ ಹೋಗ್ತಿರ್ತೀರಂತೆ? ಅವ್ರು ಏನನ್ನೋ ಕರೀತಾರಂತಲ್ಲ?" ಎಂದು ದನಿ ತಗ್ಗಿಸಿ ಕೇಳುತ್ತಾರೆ. ಅವರಿಗೆಲ್ಲ ಒಂದೇ ಸಲ ಉತ್ತರ ಹೇಳಿ ಮುಗಿಸೋಣ ಎಂದೇ ಇದನ್ನು ಬರೆಯಲು ಕೂತಿದ್ದೇನೆ.

ನಮ್ಮದು ಟೌನ್‌ಹೌಸುಗಳ ಸಾಲು. ಆಕೆಯದು ಸಾಲಿನ ಕೊನೆಯ ಮನೆ, ಅದಕ್ಕೆ ಅಂಟಿದ್ದು ನಮ್ಮದು. ಕೊನೆಯ ಮನೆಗೆ ಮೂರು ಕಡೆ ಕಿಟಕಿ, ನಮಗೆ ಮುಂದೆ ಹಿಂದೆ ಎರಡೇ ಕಡೆ. ನಮ್ಮ ಸ್ನೇಹ ಹುಟ್ಟಿದ್ದೇ ಈ ಕಿಟಕಿಗಳಿಂದ. ಇಲ್ಲಿ ಕರಿಬೇವು ಬೆಳೆಸುವವರ ಪಾಡು ಬೆಳೆಸಿದವರಿಗೇ ಗೊತ್ತು. ಬೇಸಿಗೆಯಲ್ಲಿ ಮನೆ ಹಿಂದಿನ ಮರದ ಡೆಕ್ಕಿನ ಮೇಲೆ ಮಹಾರಾಣಿಯ ಹಾಗೆ ಮೆರೆಯುವ ಗಿಡ, ಅಕ್ಟೋಬರಿನಲ್ಲಿ ಒಂದು ರಾತ್ರಿ ಮರೆತು ಹೊರಗೆ ಬಿಟ್ಟರೆ ಬೆಳಗ್ಗೆ ಬೋಳು ಕಡ್ಡಿ. ಒಳಗಿಟ್ಟರೂ ಬೆಳಕು ಸಾಲದೆ ಎಲೆ ಉದುರಿಸುತ್ತ ಕೂರುತ್ತದೆ. ಒಂದು ವರ್ಷ ಆ ಕುಂಡವನ್ನು ತಬ್ಬಿಕೊಂಡು ನಾನು ಡ್ರೈವ್‌ವೇಯಲ್ಲಿ ಚಿಂತೆ ಮಾಡುತ್ತ ನಿಂತಿದ್ದಾಗ ಆಕೆ ಕಸದ ಡಬ್ಬಿ ತಳ್ಳಿಕೊಂಡು ಬಂದು, "ನನ್ನ ಮನೆಯಲ್ಲಿ ಬೆಳಗಿನ ಬಿಸಿಲಿದೆ, ತಂದಿಡು" ಎಂದರು. ಅಂದಿನಿಂದ ಪ್ರತಿ ಚಳಿಗಾಲಕ್ಕೂ ನನ್ನ ಕರಿಬೇವು ಅವರ ಮನೆಯ ಅತಿಥಿ. ಒಗ್ಗರಣೆಗೆ ಎಲೆ ಬೇಕೆಂದರೆ ಬೂಟು ಹಾಕಿಕೊಂಡು ಪಕ್ಕದ ಮನೆಗೆ ಹೋಗುತ್ತೇನೆ.

ಆಕೆ ಜಪಾನಿನವರು, ಎಂಬತ್ತು ದಾಟಿದವರು. ಗಂಡನ ಕೆಲಸ ಪ್ರಿನ್ಸ್‌ಟನ್ ಕಡೆ ಔಷಧಿ ಸಂಶೋಧನೆಯಲ್ಲಿತ್ತು. ಅವರು ತೀರಿಹೋಗಿ ಬಹಳ ಕಾಲವಾಯಿತು. ಒಬ್ಬನೇ ಮಗ, ಮಾರಿಸ್‌ಟೌನಿನಲ್ಲಿ ದೊಡ್ಡ ಆಫೀಸು. ನಾವು ಮನೆಯೊಳಗೆ ಅವರನ್ನು ಜಪಾನಜ್ಜಿ ಎನ್ನುತ್ತೇವೆ, ಎದುರಿಗೆ ಆಂಟಿ. ಆಂಟಿ ಎಂದರೆ ಅವರಿಗೆ ನಗು. ಅವರು ನನ್ನನ್ನು ಕರೆಯುವುದು "ಓಕುಸಾನ್" ಎಂದು. ಮನೆಯಾಕೆ ಎಂದು ಅರ್ಥವಂತೆ. ನಮ್ಮಿಬ್ಬರ ನಡುವಿನ ಮಾತು ಇಂಗ್ಲಿಷಿನಲ್ಲಿ. ಇಬ್ಬರದೂ ಎರವಲು ಇಂಗ್ಲಿಷಾದ್ದರಿಂದ ಚೆನ್ನಾಗಿ ಅರ್ಥವಾಗುತ್ತದೆ.

ಕುಂಡ ಇಟ್ಟದ್ದು ಅವರ ಮನೆಯ ಈಶಾನ್ಯದ ಕೋಣೆಯಲ್ಲಿ. ಅದು ಈಶಾನ್ಯ ಎಂದು ನಾನು ಲೆಕ್ಕ ಹಾಕಿದ್ದೂ ಸಹಜವೇ. ನಮ್ಮ ಮನೆ ಕೊಳ್ಳುವಾಗ ನಮ್ಮವರು ಫೋನಿನಲ್ಲಿ ದಿಕ್ಸೂಚಿ ಇಟ್ಟುಕೊಂಡು ಕೋಣೆ ಕೋಣೆ ಸುತ್ತಿದ್ದರು; ಮನೆ ತೋರಿಸಲು ಬಂದ ಹೆಂಗಸು ಸಿಗ್ನಲ್ ಸಿಗುತ್ತಿಲ್ಲವೇನೋ ಎಂದು ವೈಫೈ ಪಾಸ್‌ವರ್ಡ್ ಕೊಡಲು ಬಂದಿದ್ದಳು. ಕೊನೆಗೆ ಈಶಾನ್ಯದಲ್ಲಿ ಬಟ್ಟೆ ನೇತುಹಾಕುವ ಒಂದು ಕ್ಲಾಸೆಟ್ ಸಿಕ್ಕಿತು. ರಾಡು ಬಿಚ್ಚಿಸಿ ಅದನ್ನೇ ದೇವರ ಮನೆ ಮಾಡಿದೆವು. ಇದನ್ನು ಆಂಟಿಗೆ ಹೇಳಿದಾಗ ಅವರು ಕೈಯಲ್ಲಿದ್ದ ಚಹಾದ ಬಟ್ಟಲನ್ನು ಕೆಳಗಿಟ್ಟರು.

"ಈಶಾನ್ಯದಲ್ಲಿ ದೇವರನ್ನು ಇಡುತ್ತೀರಾ? ಬೇಕೆಂದೇ?"

"ಅದು ದೇವಮೂಲೆ. ಮತ್ತೆಲ್ಲಿ ಇಡೋದು?"

"ನಮ್ಮ ದೇಶದಲ್ಲಿ ಅದು ದೆವ್ವದ ಬಾಗಿಲು. ಆ ಕಡೆ ಯಾರೂ ಬಾಗಿಲು ಇಡುವುದಿಲ್ಲ. ನಮ್ಮ ಅತ್ತೆಯ ಮನೆಯಲ್ಲಿ ಆ ಮೂಲೆಯ ಗೋಡೆಯನ್ನೇ ಒಳಕ್ಕೆ ಎಳೆದು ಕಟ್ಟಿದ್ದರು, ಮೂಲೆಯೇ ಇಲ್ಲದ ಹಾಗೆ." ಹೀಗೆಂದು ಎದ್ದು ಹೋಗಿ ಆ ಕೋಣೆಯ ಬಾಗಿಲನ್ನು ಇನ್ನಷ್ಟು ತೆರೆದರು. ಮೂಲೆಯಲ್ಲಿ ಎತ್ತರಕ್ಕೆ ಬಿಳಿ ಮರದ ಒಂದು ಹಲಗೆ, ಅದರ ಮೇಲೆ ಪುಟ್ಟ ಗುಡಿ, ನೀರು, ಉಪ್ಪು, ಅಕ್ಕಿ. "ಆದರೆ ನಾನು ಇಡುತ್ತೇನೆ. ನಮ್ಮ ತಾಯಿ ಇಡುತ್ತಿದ್ದಳು. ಅತ್ತೆಗೆ ಗೊತ್ತಾಗದಂತೆ ಇಡುತ್ತಿದ್ದೆ. ಈಗ ಯಾರಿಗೂ ಹೆದರಬೇಕಿಲ್ಲ."

ಆ ಮೂಲೆಯ ದೇವರ ಕಥೆಯನ್ನು ಅವರು ಒಂದೇ ದಿನ ಹೇಳಲಿಲ್ಲ. ನಾನು ಎಲೆ ಕಿತ್ತುಕೊಳ್ಳುವಷ್ಟು ಹೊತ್ತು, ಅಷ್ಟಷ್ಟೇ. ಮೊದಲು ಲೋಕವನ್ನು ಆಳುತ್ತಿದ್ದವನು ಒಬ್ಬ ಕಟ್ಟುನಿಟ್ಟಿನ ದೇವರಂತೆ. ಸುಳ್ಳಾಡಬಾರದು, ಇನ್ನೊಬ್ಬರದನ್ನು ಕಿತ್ತುಕೊಳ್ಳಬಾರದು, ದುಡಿಯದೆ ಉಣ್ಣಬಾರದು. ಉಳಿದ ದೇವರುಗಳಿಗೆ ಇದು ಸಾಕೋಸಾಕಾಯಿತು. ಬಲವಿದ್ದವನು ಗೆಲ್ಲುವ, ತಿಂದವನು ತೇಗುವ ಲೋಕ ಅವರಿಗೆ ಬೇಕಿತ್ತು. ಎಲ್ಲರೂ ಗುಂಪುಗೂಡಿ ದೊಡ್ಡ ದೇವರ ಹತ್ತಿರ ದೂರು ಒಯ್ದರು. ಇವನು ಒಳ್ಳೆಯವನೆಂದು ದೊಡ್ಡ ದೇವರಿಗೂ ಗೊತ್ತು. ಆದರೆ ಹೆಚ್ಚು ಕೈಗಳು ಆ ಕಡೆ ಎದ್ದಿದ್ದವು.

"ನಮ್ಮ ಟೌನ್‌ಹೌಸ್ ಅಸೋಸಿಯೇಷನ್ ಮೀಟಿಂಗ್ ಥರ," ಎಂದೆ.

"ಅದೇ ಥರ," ಎಂದರು ಆಂಟಿ. ಅವರ ಹೂವಿನ ಮಡಿಯನ್ನು ಅಸೋಸಿಯೇಷನ್ನಿನವರು ಕೀಳಿಸಿದ ಸಿಟ್ಟು ಅವರಿಗೆ ಇನ್ನೂ ಇತ್ತು.

ಆ ದೇವರನ್ನು ಈಶಾನ್ಯಕ್ಕೆ ಅಟ್ಟಿ ಬೀಗ ಹಾಕಿದರು. ತಪ್ಪೇ ಮಾಡದ ಅವನ ಹೆಂಡತಿಯನ್ನು ಎದುರು ಮೂಲೆಗೆ, ನೈಋತ್ಯಕ್ಕೆ ಅಟ್ಟಿದರು. ಆಮೇಲೆ ಅವನಿಗೆ ದೆವ್ವ ಎಂದು ಹೆಸರಿಟ್ಟರು. ವಸಂತ ಕಾಲಿಡುವ ಹಿಂದಿನ ದಿನ, ಫೆಬ್ರವರಿಯ ಮೊದಲಲ್ಲಿ, ಅವನ ಬೆನ್ನಿಗೆ ಹುರಿದ ಸೋಯಾ ಕಾಳು ಎಸೆದು, "ಈ ಕಾಳು ಮೊಳೆತು ಹೂ ಬಿಟ್ಟ ದಿನ ಬಾ" ಎಂದರು. ಎಂದರೆ, ಬರಲೇಬೇಡ ಎಂದು. ಇವತ್ತಿಗೂ ಅವರ ದೇಶದಲ್ಲಿ ಆ ದಿನ ಮನೆಮನೆಯಲ್ಲೂ ಹುರಿದ ಕಾಳು ಎರಚಿ "ದೆವ್ವ ಹೊರಗೆ, ಭಾಗ್ಯ ಒಳಗೆ" ಎಂದು ಕೂಗುತ್ತಾರೆ. ಆಂಟಿಯ ತಾಯಿಯ ಕಡೆಯವರು ಮಾತ್ರ ಬಾಗಿಲು ತೆರೆದು "ಭಾಗ್ಯವೂ ಒಳಗೆ, ದೆವ್ವವೂ ಒಳಗೆ" ಎಂದು ಕೂಗುತ್ತಾರೆ. ಯಾರನ್ನು ದೆವ್ವ ಎನ್ನುತ್ತಾರೋ ಅವನೇ ನಿಜವಾದವನು, ಒಂದು ದಿನ ಹೊರಬಂದು ಈ ಕೆಟ್ಟ ಲೋಕವನ್ನು ಕೆಡವಿ ಮತ್ತೆ ಕಟ್ಟುತ್ತಾನೆ ಎಂಬುದು ಅವರ ನಂಬಿಕೆ. ಈ ಭವಿಷ್ಯವನ್ನು ಮೊದಲು ನುಡಿದವಳು ಓದುಬರಹ ಬಾರದ ಬಡ ಹೆಂಗಸಂತೆ. ಅವಳನ್ನು ಹುಚ್ಚಿ ಎಂದು ಕೋಣೆಯಲ್ಲಿ ಕೂಡಿಹಾಕಿದ್ದರಂತೆ.

ನನಗೆ ಇದು ವಿಚಿತ್ರ ಅನ್ನಿಸಲಿಲ್ಲ. ನಮ್ಮಜ್ಜಿಯ ಊರಿನಲ್ಲಿ ಮಾರಿಯನ್ನು ಗಡಿ ದಾಟಿಸಿ ಬಿಟ್ಟು, ಹಿಂದಿರುಗಿ ನೋಡದೆ ಬರುತ್ತಿದ್ದರು. "ಅಲ್ಲಿ ಬಿಟ್ಟ ಮೇಲೆ ಅವಳು ಎಲ್ಲಿಗೆ ಹೋಗ್ತಾಳೆ?" ಎಂದು ಕೇಳಿ ನಾನು ಬೈಸಿಕೊಂಡಿದ್ದೆ. ಆ ಪ್ರಶ್ನೆಯನ್ನು ಅಷ್ಟು ವರ್ಷಗಳ ಮೇಲೆ ಇನ್ನೊಬ್ಬರು ಕೇಳಿದ ಹಾಗಾಯಿತು. ಮನೆಗೆ ಬಂದು ಸಾರಿಗೆ ಒಗ್ಗರಣೆ ಹಾಕುತ್ತ ನಮ್ಮವರಿಗೆ ಹೇಳಿದರೆ ಅವರು, "ನೈಋತ್ಯ ಅಂದ್ರೆ ನಮ್ಮ ಬೆಡ್‌ರೂಮು ಕಣೇ. ಅವ್ನ ಹೆಂಡ್ತಿ ನಮ್ಮ ರೂಮಲ್ಲಿದಾಳಾ ಹಂಗಾದ್ರೆ?" ಎಂದು ಸಾರು ಸುರಿದುಕೊಂಡರು.

ಕಳೆದ ವರ್ಷದ ಚಳಿಗಾಲದಲ್ಲಿ ಆಂಟಿ ಮೆಟ್ಟಿಲ ಮೇಲಿನ ಮಂಜುಗಡ್ಡೆಯ ಮೇಲೆ ಜಾರಿ ಬಲಗೈ ಮಣಿಕಟ್ಟು ಮುರಿದುಕೊಂಡರು. ಮಗ ಓಡಿ ಬಂದ. ಐವತ್ತರ ಹತ್ತಿರದ ಸಭ್ಯ ಮನುಷ್ಯ; ತಾಯಿಯ ಭಾಷೆ ಅರ್ಧ ಬರುತ್ತದೆ, ತಾಯಿಯ ದೇವರು ಏನೂ ಬರುವುದಿಲ್ಲ. ಬಂದಾಗಲೆಲ್ಲ ಫ್ರಿಜ್ ತೆರೆದು ಡೇಟ್ ನೋಡುತ್ತಿದ್ದ, ಒಲೆಯ ಗುಂಡಿಗಳನ್ನು ಮುಟ್ಟಿ ನೋಡುತ್ತಿದ್ದ. ವಯಸ್ಸಾದವರನ್ನು, ಮರೆವು ಹಿಡಿದವರನ್ನು ನೋಡಿಕೊಳ್ಳುವ ಒಂದು ಜಾಗದ ಬಣ್ಣದ ಪುಸ್ತಕ ಆಗಲೇ ಅವರ ಊಟದ ಮೇಜಿನ ಮೇಲೆ ಬಂದು ಕೂತಿತ್ತು. ಆಂಟಿ ಅದರ ಮೇಲೆ ಬಿಸಿ ಪಾತ್ರೆ ಇಡುತ್ತಿದ್ದರು.

ಫೆಬ್ರವರಿ ಬಂತು. ಕೈಗೆ ಪಟ್ಟಿ. ಬಾಣಲೆ ಅಲ್ಲಾಡಿಸಲು ಆಗದು. "ಓಕುಸಾನ್, ಈ ಸಲ ಕಾಳು ನೀನು ಹುರಿದು ಕೊಡು. ಕಪ್ಪಾಗಬಾರದು," ಎಂದು ಸೋಯಾ ಕಾಳಿನ ಪೊಟ್ಟಣ ಕೊಟ್ಟರು.

ನಾನು ಏನು ಮಾಡಿದೆ ಎಂಬುದನ್ನು ನಮ್ಮ ಕಡೆಯ ಹೆಂಗಸರು ಮಾತ್ರ ಅರ್ಥ ಮಾಡಿಕೊಂಡಾರು. ಪೊಟ್ಟಣ ದೊಡ್ಡದಿತ್ತು. ಎರಚಲು ಎಷ್ಟು ಬೇಕು, ಎರಡು ಹಿಡಿ. ಮಿಕ್ಕದ್ದನ್ನು ನೆನೆಹಾಕಿ ಒಂದು ಹುಳಿ ಮಾಡಿದರೆ ಅವರಿಗೂ ಆಯಿತು, ನಮಗೂ ಆಯಿತು. ಕೆಂಪಗೆ ಹುರಿದುಬಿಟ್ಟರೆ ಆ ಕಾಳು ಬೇಯುತ್ತದೆಯೇ? ಅದಕ್ಕೇ ಎಲ್ಲವನ್ನೂ ಒಟ್ಟಿಗೇ ಬಾಣಲೆಗೆ ಸುರಿದು, ಹುಳ ಬೀಳದಿರಲೆಂದು ಬೇಳೆಯನ್ನು ಡಬ್ಬಿಗೆ ತುಂಬುವ ಮುಂಚೆ ಬೆಚ್ಚಗೆ ಮಾಡುತ್ತೇವಲ್ಲ, ಹಾಗೆ ಮಾಡಿದೆ. ಸಣ್ಣ ಉರಿ, ನಾಲ್ಕು ಸಲ ಕೈಯಾಡಿಸು, ಅಂಗೈಗೆ ಬಿಸಿ ತಗುಲಿದರೆ ಇಳಿಸು. ಎಸೆಯುವ ಕಾಳಿಗೆ ಇಷ್ಟು ಸಾಕು ಎಂದುಕೊಂಡೆ. ಬಣ್ಣ ಕೆಡಲಿಲ್ಲ, ಒಂದು ಕಾಳೂ ಕಪ್ಪಾಗಲಿಲ್ಲ. ನೋಡಿದ ಆಂಟಿ "ಅಂದವಾಗಿದೆ" ಎಂದರು.

ಸಂಜೆ ಕತ್ತಲಾಗುವ ಹೊತ್ತಿಗೆ ಹೊರಗೆ ಪುಡಿ ಮಂಜು ಬೀಳುತ್ತಿತ್ತು. ಈಶಾನ್ಯದ ಕೋಣೆಯ ಕಿಟಕಿ ಎತ್ತಿದೆವು, ಮುಂಬಾಗಿಲು ತೆರೆದೆವು. ಆಂಟಿ ಎಡಗೈಯಿಂದ ಎರಚಿದರು. ಗುರಿ ತಪ್ಪಿ ಕಾಳು ಕೋಣೆಯ ತುಂಬ ಹಾರಿತು. ಅವರು ತಮ್ಮ ಭಾಷೆಯಲ್ಲಿ ಕೂಗಿದರು, "ದೆವ್ವ ಒಳಗೆ!" ಎಂದು. ನಾನೂ ಕೂಗಿದೆ. ಮೊದಲು ಮೆಲ್ಲಗೆ, ಆಮೇಲೆ ಗಂಟಲು ಬಿಟ್ಟು. ಹೇಳಿಬಿಡುತ್ತೇನೆ, ಬಹಳ ಹಿತವಾಗಿತ್ತು. ಕೂಗಿ ಮುಗಿದ ಮೇಲೆ ವಯಸ್ಸೆಷ್ಟೋ ಅಷ್ಟು ಕಾಳು ತಿನ್ನಬೇಕು. ಆಂಟಿ ಒಂದನ್ನು ಬಾಯಿಗೆ ಹಾಕಿಕೊಂಡು ಕಚ್ಚಿದರು. ನಿಲ್ಲಿಸಿದರು. ನನ್ನ ಮುಖ ನೋಡಿದರು. "ಈ ವಯಸ್ಸಿಗೆ ಇಷ್ಟೊಂದು ತಿಂದರೆ ಹಲ್ಲು ಉಳಿಯುವುದಿಲ್ಲ," ಎಂದು ಅದನ್ನು ಕಾಗದದ ಕರವಸ್ತ್ರದಲ್ಲಿ ಸುತ್ತಿಟ್ಟರು. ನಾನು ಅದಕ್ಕೆ ಗಮನ ಕೊಡಲಿಲ್ಲ.

ಇಬ್ಬರೂ ಮತ್ತೊಮ್ಮೆ ಕಿಟಕಿಯ ಕಡೆ ತಿರುಗಿ ಕೂಗಿದೆವು. ತಿರುಗಿ ನೋಡಿದರೆ ಬಾಗಿಲಲ್ಲಿ ಮಗ. ಹೆಗಲ ಮೇಲೆ ಮಂಜು, ಕೈಯಲ್ಲಿ ತಾಯಿಗೆ ತಂದ ಸೂಪು. ಹಜಾರದ ನೆಲದ ಮೇಲೆಲ್ಲ ಮಂಜು ಹಾರಿ ಬಂದು ಕರಗಿತ್ತು.

"ಮಾಮ್, ಏನಿದು?"

"ದೆವ್ವವನ್ನು ಕರೆಯುತ್ತಿದ್ದೇವೆ," ಎಂದರು ಆಂಟಿ. "ಬಾಗಿಲಲ್ಲಿ ನಿಲ್ಲಬೇಡ. ದಾರಿ ಬಿಡು."

ಅವನು ಬಾಗಿಲು ಮುಚ್ಚಿ, ಹೀಟರಿನ ಸಂಖ್ಯೆ ನೋಡಿ, ನೆಲ ಒರೆಸಿದ. ನನಗೆ ಅವನ ಮುಖ ಹೆದರಿಕೆ ಹುಟ್ಟಿಸಿತು. ಅದು ಸಿಟ್ಟಿನ ಮುಖವಾಗಿರಲಿಲ್ಲ.

ಎರಡು ವಾರವೋ ಏನೋ ಕಳೆದಿರಬೇಕು, ಬೆಳಗ್ಗೆ ನಾನು ಲ್ಯಾಪ್‌ಟಾಪ್ ತೆರೆಯುವ ಮುಂಚೆಯೇ ಫೋನು. "ಓಕುಸಾನ್, ಬಾ." ಅಷ್ಟೇ. ಬಿದ್ದರೇನೋ ಎಂದು ಚಪ್ಪಲಿಯಲ್ಲೇ ಓಡಿದೆ. ಆಂಟಿ ನನ್ನ ಕರಿಬೇವಿನ ಕುಂಡದ ಎದುರು ನೆಲದ ಮೇಲೆ ಕೂತಿದ್ದರು. ಗಿಡದ ಬುಡದಲ್ಲಿ ಮಣ್ಣನ್ನು ಎತ್ತಿಕೊಂಡು, ಕುತ್ತಿಗೆ ಬಗ್ಗಿಸಿ, ಎರಡು ದಪ್ಪ ಎಲೆಗಳನ್ನು ಇನ್ನೂ ಬಿಡಿಸದೆ ಒಂದು ಮೊಳಕೆ ನಿಂತಿತ್ತು.

ಮೊಳಕೆ ಕಟ್ಟಿ ಕಟ್ಟಿ ಬೆಳೆದವಳು ನಾನು. ಕಾಳಿನ ಮೊಳಕೆ ನನಗೆ ಗೊತ್ತಾಗದೆ ಇರುತ್ತದೆಯೇ? ಎಡಗೈಯಿಂದ ಹಾರಿದ ಕಾಳು ಕುಂಡಕ್ಕೆ ಬಿದ್ದಿದೆ; ನಾನು ಪ್ರತಿ ಸಲ ಎಲೆ ಕೀಳಲು ಬಂದಾಗ ನೀರು ಹಾಕಿದ್ದೇನೆ; ಬೆಚ್ಚಗೆ ಮಾಡಿದ ಕಾಳು ಮೊಳೆತಿದೆ. ಆದರೆ ಆಂಟಿಯ ಎರಡು ಕಣ್ಣಲ್ಲೂ ನೀರು. "ಹುರಿದ ಕಾಳು," ಎಂದರು. ನಾನು ಅವರ ಪಕ್ಕದಲ್ಲೇ ನೆಲದ ಮೇಲೆ ಕೂತೆ.

ಅದೇ ದಿನ ಅವರು ಮಗನಿಗೆ ಫೋನಿನಲ್ಲಿ ಹೇಳಿದರು. ಅವನು ಮಾರನೆಯ ದಿನ ನನಗೆ ಫೋನ್ ಮಾಡಿದ. ಆ ಜಾಗದಿಂದ ಒಬ್ಬ ನರ್ಸ್ ಬಂದು ತಾಯಿಯನ್ನು ಪರೀಕ್ಷೆ ಮಾಡುತ್ತಾರೆ, ಬುದ್ಧಿ ಸ್ಥಿಮಿತದಲ್ಲಿಲ್ಲ ಎಂದು ಅವರು ಬರೆದರೆ ಡಾಕ್ಟರಿಗೆ ತೋರಿಸಿ ಅಲ್ಲಿಗೆ ಸೇರಿಸುವುದು ಎಂದ. "ನೀವು ದಿನಾ ನೋಡುತ್ತೀರಿ. ನೀವೂ ಇರಿ. ಆವತ್ತು ನೀವು ಅವಳ ಸಮಾಧಾನಕ್ಕೆ ಕೂಗಿದಿರಿ, ನನಗೆ ಅರ್ಥವಾಗುತ್ತದೆ. ಆದರೆ ನರ್ಸ್ ಎದುರು ಇದ್ದದ್ದು ಇದ್ದ ಹಾಗೆ ಹೇಳಿ."

ಇದ್ದದ್ದು ಇದ್ದ ಹಾಗೆ ಹೇಳುವುದೇ ಕಷ್ಟವಾಗಿತ್ತು. ಕಾಳು ಹಸಿಯಿತ್ತು ಎಂದು ಹೇಳಿದರೆ, ಆ ತಾಯಿ ಒಂದು ಜನ್ಮವಿಡೀ ಕಾದ ಗುರುತನ್ನು ನನ್ನ ಕೈಯಾರೆ ಕಿತ್ತೆಸೆದ ಹಾಗೆ. ಹೇಳದೆ ಹೋದರೆ, ಹುರಿದ ಕಾಳು ಮೊಳೆತಿದೆ ಎನ್ನುವ ಮುದುಕಿಯನ್ನು ನಂಬರ್ ಒತ್ತಿ ತೆರೆಯುವ ಬಾಗಿಲಿನ ಆಚೆಗೆ ಕಳಿಸುತ್ತಾರೆ. ಅಂಥ ಬಾಗಿಲು ಅಲ್ಲಿದೆ ಎಂದು ಆಂಟಿಯೇ ಆ ಪುಸ್ತಕದಲ್ಲಿ ಓದಿ ಹೇಳಿದ್ದರು. "ಭವಿಷ್ಯ ನುಡಿದ ಆ ಹೆಂಗಸನ್ನು ಕೂಡಿಹಾಕಿದ್ದು ಮರದ ಕೋಣೆಯಲ್ಲಿ. ನನ್ನದು ಎಲೆಕ್ಟ್ರಾನಿಕ್," ಎಂದು ನಕ್ಕಿದ್ದರು. ನಕ್ಕ ಮೇಲೆ ಪಟ್ಟಿ ಕಟ್ಟಿದ ಕೈಯನ್ನು ಬಹಳ ಹೊತ್ತು ಇನ್ನೊಂದು ಕೈಯಿಂದ ಹಿಡಿದುಕೊಂಡಿದ್ದರು.

ನಮ್ಮವರು ಕೆಲಸ ಮುಗಿಸಿ ಪ್ರಿನ್ಸ್‌ಟನ್ ಜಂಕ್ಷನ್ ರೈಲು ನಿಲ್ದಾಣದಿಂದ ಬಂದು ಶೂ ಬಿಚ್ಚುತ್ತಿದ್ದಂತೆಯೇ ಎಲ್ಲ ಹೇಳಿದೆ.

"ನೀನು ಸುಮ್ನಿರೇ. ಫ್ಯಾಮಿಲಿ ಮ್ಯಾಟರ್. ನಾಳೆ ಏನಾದ್ರೂ ಆದ್ರೆ ನಿನ್ ತಲೆ ಮೇಲೆ ಬರುತ್ತೆ."

"ಕಾಳು ಹುರಿದಿದ್ದೇ ನಾನು. ಬಂದಾಯ್ತಲ್ಲ ತಲೆ ಮೇಲೆ."

"ಎಲ್ಲಿ ಹುರಿದೆ ನೀನು? ಅದೇ ಅಲ್ವಾ ಪ್ರಾಬ್ಲಮ್ಮು!"

ಪರೀಕ್ಷೆಯ ದಿನ ಆಂಟಿ ಒಳ್ಳೆಯ ಬೂದು ಸ್ವೆಟರ್ ಹಾಕಿಕೊಂಡು ಕೂತಿದ್ದರು. ನರ್ಸ್ ನನ್ನ ವಯಸ್ಸಿನವಳೇ, ಮೃದು ಮಾತಿನವಳು, ತೊಡೆಯ ಮೇಲೆ ಟ್ಯಾಬ್ಲೆಟ್. ಇವತ್ತು ಯಾವ ವಾರ, ಯಾವ ತಿಂಗಳು ಎಂದು ಕೇಳಿದಳು. ಗಡಿಯಾರ ಬರೆಯಲು ಹೇಳಿದಳು; ಆಂಟಿ ಎಡಗೈಯಲ್ಲಿ ಸೊಟ್ಟಗೆ ಬರೆದು, ಮುಳ್ಳುಗಳನ್ನು ಸರಿಯಾಗಿಯೇ ಇಟ್ಟರು. ನೆನಪಿಡಲು ಕೊಟ್ಟ ಮಾತುಗಳನ್ನೂ ಒಪ್ಪಿಸಿದರು.

"ನಿಮ್ಮ ಮಗ ಹೇಳಿದರು, ನೀವು ದೆವ್ವಗಳನ್ನು ಮನೆಯೊಳಗೆ ಕರೆದಿರಂತೆ."

"ಕರೆದೆ."

"ಬಂದವಾ?"

"ಬಂದಿದ್ದರೆ ನಿನ್ನ ಹತ್ತಿರ ಕೂತು ಗಡಿಯಾರ ಬರೆಯುತ್ತಿದ್ದೆನಾ? ಕೆಲಸ ಬಹಳ ಇರುತ್ತಿತ್ತು."

ನರ್ಸ್ ತುಟಿ ಕಚ್ಚಿಕೊಂಡಳು. "ಅವರ ದನಿ ಕೇಳಿಸುತ್ತದಾ?"

"ಇಲ್ಲ. ಕೇಳಿಸಿದರೆ ಚೆನ್ನಾಗಿತ್ತು. ನನಗೆ ಟಿವಿಯೇ ಸರಿಯಾಗಿ ಕೇಳಿಸುವುದಿಲ್ಲ."

ಮಗ ಮುಂದಕ್ಕೆ ಬಾಗಿದ. "ಮಾಮ್, ಕಾಳಿನ ವಿಷಯ ಹೇಳು."

"ಹುರಿದ ಕಾಳು ಮೊಳೆತಿದೆ," ಎಂದರು ಆಂಟಿ ನಿಧಾನವಾಗಿ. "ಒಳಗಿನ ಕೋಣೆಯಲ್ಲಿದೆ. ನೋಡಬಹುದು."

ನರ್ಸಿನ ಬೆರಳು ಟ್ಯಾಬ್ಲೆಟ್ಟಿನ ಮೇಲೆ ಓಡತೊಡಗಿತು. ಮಗ ತಲೆ ತಗ್ಗಿಸಿಕೊಂಡ. ಆ ಬೆರಳು ಬರೆದು ಮುಗಿಸುವ ಮುಂಚೆ ಮಾತಾಡಬೇಕು ಎಂದು ಎದ್ದೇ ನಿಂತೆ.

"ಅದು ಹುರಿದ ಕಾಳಲ್ಲ," ಎಂದೆ. "ನಾನು ಹುರಿಯಲಿಲ್ಲ. ಬೆಚ್ಚಗೆ ಮಾಡಿದೆ, ಅಷ್ಟೆ. ಮಿಕ್ಕದ್ದು ಅಡುಗೆಗೆ ಆಗಲಿ ಎಂದು. ಅಂಥ ಕಾಳು ಮಣ್ಣಿಗೆ ಬಿದ್ದರೆ ಮೊಳೆಯುತ್ತದೆ, ಅದರಲ್ಲಿ ಯಾರ ತಲೆಯೂ ಕೆಟ್ಟಿಲ್ಲ. ಇವರಿಗೆ ಹುರಿದದ್ದೆಂದು ಕೊಟ್ಟವಳು ನಾನು. ಇನ್ನೊಂದು. ಇವರ ಮಗ ಹೇಳಿದರು, ನಾನು ಸಮಾಧಾನಕ್ಕೆ ಕೂಗಿದೆ ಎಂದು. ಅಲ್ಲ. ಗಂಟಲು ಬಿಟ್ಟು ಕೂಗಿದೆ, ಬರಲಿ ಎಂದೇ ಕೂಗಿದೆ. ನಮ್ಮ ಮನೆಯಲ್ಲಿ ಬಟ್ಟೆಯ ಕ್ಲಾಸೆಟ್ಟಿನಲ್ಲಿ ದೇವರಿದ್ದಾರೆ, ದಿನಾ ಅವರಿಗೆ ಹಾಲು ಸಕ್ಕರೆ ಇಟ್ಟು ಮಾತಾಡಿಸುತ್ತೇನೆ. ಇವರದನ್ನು ಬರೆದುಕೊಳ್ಳುವುದಾದರೆ ನನ್ನದನ್ನೂ ಬರೆದುಕೊಳ್ಳಿ."

ಇಷ್ಟು ಇಂಗ್ಲಿಷನ್ನು ಒಂದೇ ಉಸಿರಿನಲ್ಲಿ ನಾನು ಯಾವತ್ತೂ ಆಡಿರಲಿಲ್ಲ. ಆಡಿದ ಮೇಲೆ ಆಂಟಿಯ ಕಡೆ ನೋಡಲು ಧೈರ್ಯ ಸಾಲಲಿಲ್ಲ. ಆ ಎರಡು ಎಲೆಯ ಮೊಳಕೆಯನ್ನು ಎಲ್ಲರೆದುರಿಗೆ ಕಿತ್ತು ಹಾಕಿದ್ದೆ.

"ಗೊತ್ತು," ಎಂದರು ಆಂಟಿ.

ತಿರುಗಿ ನೋಡಿದೆ.

"ಆವತ್ತೇ ಗೊತ್ತು. ಕಚ್ಚಿದೆನಲ್ಲ. ಕಲ್ಲು! ಇರುವ ಹಲ್ಲೂ ಹೋಗುತ್ತಿತ್ತು."

"ಮತ್ತೆ ಯಾಕೆ ಹೇಳಲಿಲ್ಲ?"

"ಹೇಳಿದ್ದರೆ ನೀನು ಓಡಿ ಹೋಗಿ ಮತ್ತೆ ಹುರಿದು ತರುತ್ತಿದ್ದೆ. ನನಗೆ ಗೊತ್ತಿಲ್ಲವಾ ನೀನು?"

ಆಮೇಲೆ ಅವರು ಮಗನ ಕಡೆ ತಿರುಗಿದರು. ಬೆನ್ನು ನೆಟ್ಟಗೆ ಮಾಡಿದರು. "ಹುರಿದದ್ದೆಂದು ಎಸೆದ ಕಾಳು ನಮಗೆ ಹುರಿದ ಕಾಳೇ; ಅದು ಮೊಳೆತ ದಿನ ಬಾ ಎಂದು ಆ ದೇವರುಗಳು ಅಂದರು. ಯಾರು ಹುರಿದದ್ದು, ಎಷ್ಟು ಹುರಿದದ್ದು ಎಂದು ಅವರು ಹೇಳಲಿಲ್ಲ. ಇಷ್ಟು ಕಾಲ ಎಲ್ಲರೂ ಚೆನ್ನಾಗಿ ಹುರಿದರು. ನಮ್ಮ ತಾಯಿ ಹುರಿದಳು, ನಾನು ಹುರಿದೆ. ಒಳಗೆ ಬಾ ಎಂದು ಕೂಗುತ್ತಿದ್ದೆವು, ಹುರಿಯುತ್ತಲೂ ಇದ್ದೆವು. ಬೀಗ ಹಾಕುತ್ತಿದ್ದವರು ನಾವೇ. ಈಕೆ ಹುರಿಯಲಿಲ್ಲ. ಹೇಳಿದ ಕೆಲಸವನ್ನು ಹೇಳಿದ ಹಾಗೆ ಮಾಡದ ಒಬ್ಬಳು ಕೊನೆಗೂ ಬಂದಳು. ಅವನು ಬರುವುದಾದರೆ ಹೀಗೆಯೇ ಬರಬೇಕು. ಅದಕ್ಕೇ ಆವತ್ತು ಕಣ್ಣೀರು ಬಂದದ್ದು."

"ಅಂದರೆ ಲೋಕ ಮುಗಿಯುತ್ತದೆ ಎನ್ನುತ್ತೀಯಾ?" ಮಗನ ದನಿ ಸಣ್ಣಗಾಗಿತ್ತು.

"ಮುಗಿಯುವುದು ಎಂದು ಯಾರು ಹೇಳಿದರು? ಕೆಡವಿ ಕಟ್ಟುವುದು. ನೀನು ನಿನ್ನ ಅಡುಗೆಮನೆ ಮಾಡಿಸಿದೆಯಲ್ಲ, ಹಾಗೆ. ಸ್ವಲ್ಪ ದಿನ ಧೂಳು ಇರುತ್ತದೆ."

ನರ್ಸ್ ನಕ್ಕೇಬಿಟ್ಟಳು. ಅವಳು ಬರೆದದ್ದೇನೋ ನನಗೆ ತಿಳಿಯದು. ಹೊರಡುವಾಗ ಬಾಗಿಲ ಹತ್ತಿರ ಮಗನಿಗೆ ಹೇಳಿದ್ದು ಮಾತ್ರ ಕೇಳಿಸಿತು: ಬೀಗದ ಬಾಗಿಲಿನ ಆಚೆ ಇರಬೇಕಾದವರು ಇವರಲ್ಲ, ಮೆಟ್ಟಿಲಿಗೆ ಹಿಡಿಕೆ ಹಾಕಿಸಿ, ಬಿದ್ದರೆ ಒತ್ತಲು ಕೊರಳಿಗೆ ಒಂದು ಬಟನ್ ಕೊಡಿಸಿ, ಧರ್ಮದ ವಿಚಾರವನ್ನು ತಾಯಿಯನ್ನೇ ಕೇಳಿ.

ಅವನು ಡ್ರೈವ್‌ವೇಯಲ್ಲಿ ನನ್ನ ಜೊತೆ ನಿಂತ. "ಆವತ್ತು ನಾನು ಬಂದಾಗ ಬಾಗಿಲು ಹಾರುಹೊಡೆದಿತ್ತು, ಒಳಗೆ ಮಂಜು. ಒಂದು ಕ್ಷಣ ಏನೂ ಶಬ್ದ ಇರಲಿಲ್ಲ. ಬಿದ್ದುಹೋಗಿದ್ದಾಳೆ ಅಂದುಕೊಂಡೆ," ಎಂದ.

"ನಾನಿದ್ದೆನಲ್ಲ."

"ನೀವಿದ್ದಿರಿ. ನಾನಿರಲಿಲ್ಲ."

ಅವನು ಕಾರು ಹತ್ತುವ ಮುಂಚೆ ಮತ್ತೆ ಒಳಗೆ ಹೋಗಿ ಕುಂಡದ ಎದುರು ಬಗ್ಗಿ ನೋಡುತ್ತಿದ್ದುದು ಕಿಟಕಿಯಲ್ಲಿ ಕಾಣಿಸಿತು. ಆ ಬಣ್ಣದ ಪುಸ್ತಕವನ್ನು ಅವನು ಒಯ್ಯಲು ನೋಡಿದನಂತೆ. ಬಿಸಿ ಪಾತ್ರೆ ಇಡಲು ಬೇಕು ಎಂದು ಆಂಟಿ ಬಿಡಲಿಲ್ಲವಂತೆ.

ಮೆಟ್ಟಿಲಿಗೆ ಹಿಡಿಕೆ ಬಂತು. ಬಟನ್ನೂ ಬಂತು. ಅದನ್ನು ಆಂಟಿ ಬಿಳಿ ಹಲಗೆಯ ಮೇಲಿನ ಗುಡಿಗೆ ನೇತುಹಾಕಿದರು, "ಅವನಿಗೆ ಬೇಕಾದೀತು, ಅಷ್ಟು ಕಾಲ ಒಂದೇ ಮೂಲೆಯಲ್ಲಿ ಕೂತವನು, ಏಳುವಾಗ ಕಾಲು ಜೋಮು ಹಿಡಿದಿರುತ್ತದೆ" ಎಂದು. ನಾನು ಗದರಿಸಿ ಅವರ ಕೊರಳಿಗೆ ಹಾಕಿದೆ. ಸೋಯಾ ಗಿಡ ಕರಿಬೇವಿನ ಬುಡದಲ್ಲೇ ಬೆಳೆಯಿತು, ಬೆಳಕಿಗೆ ಕುತ್ತಿಗೆ ಚಾಚಿ ಬಳುಕುತ್ತ. ಬೇರೆ ಕುಂಡಕ್ಕೆ ಕೀಳಲು ನನಗೆ ಧೈರ್ಯ ಬರಲಿಲ್ಲ. ಬೇಸಿಗೆಯಲ್ಲಿ ಎಲೆಗಳ ಸಂದಿಯಲ್ಲಿ, ಹುಡುಕಿದರೆ ಮಾತ್ರ ಕಾಣುವಂಥ, ನಸು ನೇರಳೆ ಹೂ ಬಿಟ್ಟಿತು. ಲೋಕ ಅಲ್ಲಾಡಲಿಲ್ಲ. ಟರ್ನ್‌ಪೈಕ್ ಹೆದ್ದಾರಿಯಲ್ಲಿ ಟ್ರಾಫಿಕ್ ಎಂದಿನಷ್ಟೇ ಇತ್ತು, ಸುದ್ದಿಯಲ್ಲಿ ಬಲವಿದ್ದವರು ಎಂದಿನಂತೆ ಗೆಲ್ಲುತ್ತಿದ್ದರು.

"ಏನೂ ಆಗಲಿಲ್ಲವಲ್ಲ ಆಂಟಿ," ಎಂದೆ.

"ದೊಡ್ಡ ಮನೆ," ಎಂದರು. "ರಿಪೇರಿಗೆ ಟೈಮ್ ಹಿಡಿಯುತ್ತದೆ. ನಿನ್ನ ಅಡುಗೆಮನೆಯ ನಲ್ಲಿ ಸರಿಮಾಡಲು ಎಷ್ಟು ವಾರ ತೆಗೆದುಕೊಂಡರು?"

ಈ ವರ್ಷ ಫೆಬ್ರವರಿಯಲ್ಲಿ ಅವರ ಮಣಿಕಟ್ಟು ಸರಿಯಾಗಿತ್ತು. ಬಾಣಲೆ ಅವರೇ ಎತ್ತಬಹುದಿತ್ತು. ಆದರೂ ಪೊಟ್ಟಣ ನಮ್ಮ ಮನೆಗೇ ಬಂತು, ಹೇಗೆ ಮಾಡಬೇಕೆಂಬ ಮಾತು ಒಂದೂ ಇಲ್ಲದೆ. ಮಗ ಫೋನ್ ಮಾಡಿ ಸಂಜೆ ಎಷ್ಟು ಹೊತ್ತಿಗೆ ಎಂದು ಕೇಳಿದನಂತೆ. ಬಾಗಿಲು ತೆರೆದಿಡುವಷ್ಟು ಹೊತ್ತು ಹೀಟರ್ ಆರಿಸಿಡಲೇ ಎಂದೂ ಕೇಳಿದನಂತೆ.

ನಾನು ಸಣ್ಣ ಉರಿಯಲ್ಲಿ ಬಾಣಲೆ ಇಟ್ಟು ಕಾಳು ಸುರಿದೆ. ನಮ್ಮವರು ಕಾಫಿ ಲೋಟ ಹಿಡಿದು ಬಂದು ಇಣುಕಿದರು.

"ಈ ಸಲನಾದ್ರೂ ಸರಿಯಾಗಿ ಹುರಿಯೇ. ಘಮಾನೇ ಬಂದಿಲ್ಲ ಇನ್ನೂ."

"ಬರಬಾರದು," ಎಂದು ಅಂಗೈಯಿಂದ ಕಾಳನ್ನು ಮುಟ್ಟಿ ನೋಡಿ, ಒಲೆ ಆರಿಸಿದೆ.